ಗಾಳಿಯ ಬಾಣ ಕಾಣೆಯಾದ ಮೇಲೆ

ನನ್ನ ಫೋನಿನಲ್ಲಿ ಹವಾಮಾನ ತೋರಿಸುವ ಒಂದು ಆ್ಯಪ್ ಇತ್ತು. ಈಗಲೂ ಇದೆ, ಆದರೆ ಅದು ಅದಲ್ಲ. ಅದನ್ನು ಮಾಡಿದವರು ಯಾವ ಊರಿನ ಯಾವ ಎ.ಸಿ. ರೂಮಿನಲ್ಲಿ ಕೂತಿದ್ದಾರೋ ನನಗೆ ಗೊತ್ತಿಲ್ಲ. ಎದುರಿಗೆ ಸಿಕ್ಕಿದ್ದರೆ ಕೈ ಹಿಡಿದು ಎಳೆದುಕೊಂಡು ಬಂದು, ಚಾಂಪಿಯನ್ ರೀಫ್ಸ್‌ನ ನಮ್ಮ ಮನೆ ಬಾಗಿಲಲ್ಲಿ ಒಂದು ಆಷಾಢ ಪೂರ್ತಿ ಕೂರಿಸುತ್ತಿದ್ದೆ. ಆಮೇಲೆ ಬಾಯಿ ತೆರೆಯಲಿ, ನೋಡೋಣ.

ನಮ್ಮ ಮನೆಗೆ ಪಡುವಲ ದಿಕ್ಕಿನಲ್ಲಿ ಸೈನೈಡ್ ದಿಬ್ಬವಿದೆ. ಗಣಿ ನಡೆಯುತ್ತಿದ್ದ ಕಾಲದಲ್ಲಿ ಕಲ್ಲನ್ನು ಹಿಟ್ಟು ಮಾಡಿ, ಚಿನ್ನ ತೆಗೆದುಕೊಂಡು, ಮಿಕ್ಕ ಮಣ್ಣನ್ನು ಸುರಿದೂ ಸುರಿದೂ ಆದ ದಿಬ್ಬ. ಚಿನ್ನ ಎಲ್ಲಿಗೆ ಹೋಯಿತೋ, ಮಣ್ಣು ಮಾತ್ರ ನಮ್ಮ ಪಾಲಿಗೆ ಉಳಿಯಿತು. ಮಳೆ ಬಿದ್ದರೆ ತೆಪ್ಪಗಿರುತ್ತದೆ. ಒಣಗಿದ ಮೇಲೆ ಪಡುವಲ ಗಾಳಿ ಎದ್ದರೆ ಮುಗಿಯಿತು, ಅನ್ನದ ತಟ್ಟೆ, ಹೊಲಿಗೆ ಮಿಷನ್ನು, ಕಣ್ಣಿನ ರೆಪ್ಪೆ, ಯಾವುದನ್ನೂ ಬಿಡದೆ ಬೆಳ್ಳಗೆ ಬಂದು ಕೂರುತ್ತದೆ. ಅಂಥ ದಿನಗಳಲ್ಲಿ ಹಳೇ ಬೆಡ್‌ಶೀಟನ್ನು ಒದ್ದೆ ಮಾಡಿ ಬಾಗಿಲಿಗೆ, ಕಿಟಕಿಗೆ ಕಟ್ಟುವುದು ನಮ್ಮ ಲೈನಿನ ಎಲ್ಲ ಸಾಲುಮನೆಗಳ ರೂಢಿ. ಸಂಜೆ ಹಿಂಡಿದರೆ ಸುಣ್ಣ ಕದಡಿದಂಥ ನೀರು ಬರುತ್ತದೆ. ಹುಟ್ಟಿದಾಗಿನಿಂದ ನೋಡಿದ್ದರಿಂದ ನಮಗೆ ಇದೇನೂ ದೊಡ್ಡ ವಿಷಯ ಅನ್ನಿಸುತ್ತಿರಲಿಲ್ಲ, ಅಪ್ಪನ ಎದೆ ಕೆಡುವ ತನಕ.

ಅಪ್ಪ ಬೇತಮಂಗಲದ ಕಡೆಯ ಹಳ್ಳಿಯವನು. ಹತ್ತೊಂಬತ್ತನೇ ವಯಸ್ಸಿಗೆ ಹೊಲ ಬಿಟ್ಟು ಬಂದು ಗಣಿಗೆ ಇಳಿದವನು, ಗಣಿ ಮುಚ್ಚುವ ತನಕ ಇಳಿಯುತ್ತಲೇ ಇದ್ದ. ಕಲ್ಲಿನ ದೂಳು ಆಗಲೇ ಎದೆಯೊಳಗೆ ಮನೆ ಮಾಡಿಕೊಂಡಿತ್ತು. ನನ್ನ ಗಂಡ ತೀರಿಕೊಂಡ ಮೇಲೆ ನಾನು ಅಪ್ಪನ ಮನೆಗೇ ಬಂದು, ಬ್ಲೌಸ್ ಹೊಲಿದುಕೊಂಡು, ಅವನನ್ನು ನೋಡಿಕೊಂಡು ಇದ್ದೇನೆ. ಎರಡು ವರ್ಷದ ಹಿಂದೆ ಡಾಕ್ಟರು ನನ್ನನ್ನು ಹೊರಗೆ ಕರೆದು, “ನೋಡಮ್ಮ, ಇವರಿಗೆ ಉಳಿದಿರೋದು ಸ್ವಲ್ಪವೇ ಉಸಿರು. ಆ ದೂಳು ಇನ್ನೊಂದು ಸಲ ಜೋರಾಗಿ ಒಳಗೆ ಹೋದ್ರೆ ತಡೆಯೋದು ಕಷ್ಟ,” ಅಂದರು. ಅಂದಿನಿಂದ ನನಗೆ ಬೇರೆ ದೇವರಿಲ್ಲ, ಗಾಳಿಯೇ ದೇವರು.

ಹಾಗಂತ ಒಬ್ಬ ಮನುಷ್ಯನನ್ನು ಒಳಗೇ ಕೂಡಿಹಾಕುವುದಕ್ಕೆ ಆಗುತ್ತದೆಯೇ? ಮೂವತ್ತು ವರ್ಷ ಭೂಮಿಯ ಕೆಳಗೆ ಕತ್ತಲಲ್ಲಿ ದುಡಿದವನಿಗೆ ಬೆಳಕು ಅಂದರೆ ಎಷ್ಟು ಆಸೆ ಅನ್ನುವುದು ನನಗೆ ಗೊತ್ತು. ಬೆಳಿಗ್ಗೆ ಬಾಗಿಲ ಮುಂದೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಒಂದು ಗಂಟೆ ಬಿಸಿಲಿಗೆ ಕೂರಬೇಕು. ಹೋಗಿ ಬರುವ ಹಳೇ ಜೊತೆಗಾರರನ್ನು ಮೂರು ಭಾಷೆಯಲ್ಲಿ ರೇಗಿಸಬೇಕು. ಆ ಒಂದು ಗಂಟೆಯೇ ಅವನ ದಿನ.

ಕುರ್ಚಿ ಹಾಕುವ ಮುಂಚೆ ಒಳಗಿನಿಂದಲೇ ಕೇಳುತ್ತಿದ್ದ, “ಅಮ್ಮಣ್ಣೀ, ಗಾಳಿ ಎಂಗೈತೆ?”

ನಾನು ಫೋನು ನೋಡಿ, “ಚೆಂದಾಗೈತಪ್ಪ, ಬಾ,” ಅಂದರೆ ಬರುತ್ತಿದ್ದ. “ಇವತ್ತು ಬ್ಯಾಡ,” ಅಂದರೆ ಗೋಡೆಗೆ ಒರಗುತ್ತಿದ್ದ. ಎರಡನೇ ಸಲ ಕೇಳುತ್ತಿರಲಿಲ್ಲ. ಅದು ಗಣಿಯ ಪಾಠ. ಕೆಳಗೆ ಮದ್ದು ಸಿಡಿಸಿದ ಮೇಲೆ ಹೊಗೆ ತುಂಬಿಕೊಳ್ಳುತ್ತದೆಯಂತೆ. ಗಾಳಿ ನೋಡಲು ಅನುಭವದವನೊಬ್ಬ ಮೊದಲು ಒಳಗೆ ಹೋಗುತ್ತಿದ್ದ. ಅವನು ಬಂದು ಚೆನ್ನಾಗಿದೆ ಅಂದರೆ ಮಿಕ್ಕವರು ಸುಮ್ಮನೆ ಹೆಜ್ಜೆ ಇಡಬೇಕು. “ನಿಜವಾಗ್ಲೂ ಚೆನ್ನಾಗದಾ ಅಂತ ಇನ್ನೊಂದ್ಸಲ ಕೇಳಿದ್ರೆ ಅವನ ಮುಖಕ್ಕೆ ಉಗಿದಂಗೆ ಕಣಮ್ಮಣ್ಣಿ. ಅವನ ಮಾತು ನಂಬದಿದ್ರೆ ಕೆಳಗೆ ಇಳೀಲೇಬಾರ್ದು,” ಅಂತ ಅಪ್ಪ ಹೇಳುತ್ತಿದ್ದ. ನಮ್ಮ ಮನೆಯಲ್ಲಿ ಗಾಳಿ ನೋಡುವ ಆ ಕೆಲಸ ನನ್ನದಾಗಿತ್ತು.

ಆ್ಯಪ್ ಆಗ ಎಷ್ಟು ಚೆನ್ನಾಗಿತ್ತು ಅಂದರೆ, ತೆರೆದ ಕೂಡಲೇ ನಮ್ಮ ಊರು, ಕೆಳಗೆ ಗಂಟೆ ಗಂಟೆಯ ಸಾಲು, ಪ್ರತಿ ಗಂಟೆಗೂ ಒಂದು ಪುಟ್ಟ ಬಾಣ, ಬಾಣದ ಪಕ್ಕದಲ್ಲಿ ಒಂದು ಸಂಖ್ಯೆ. ಬಾಣ ಗಾಳಿ ಯಾವ ಕಡೆಗೆ ಹೋಗುತ್ತದೆ ಅನ್ನುವುದನ್ನು, ಸಂಖ್ಯೆ ಎಷ್ಟು ಜೋರು ಅನ್ನುವುದನ್ನು ತೋರಿಸುತ್ತಿದ್ದವು. ಎಂಟು ಗಂಟೆಗೆ ನಾಲ್ಕು, ಒಂಬತ್ತಕ್ಕೆ ಆರು, ಹನ್ನೊಂದಕ್ಕೆ ಹದಿನೆಂಟು ಅಂದರೆ, ಹತ್ತಕ್ಕೆ ಅಪ್ಪನನ್ನು ಒಳಗೆ ಕರೆದುಕೊಂಡು ಬೆಡ್‌ಶೀಟ್ ಕಟ್ಟಿಬಿಡುತ್ತಿದ್ದೆ. ಒಂದು ವರ್ಷ ಅದು ಒಂದು ಸಲವೂ ನನ್ನ ಕೈ ಬಿಟ್ಟಿರಲಿಲ್ಲ.

ಆಮೇಲೆ ಶುರುವಾಯಿತು ನೋಡಿ ಅಪ್‌ಡೇಟಿನ ಕಾಟ. ಮೊದಲ ಸಲ ಬಾಣ ಚಿಕ್ಕದಾಯಿತು. ಕನ್ನಡಕ ಹಾಕಿಕೊಂಡೆ, ನೋಡಿದೆ. ಎರಡನೇ ಸಲ ಬಾಣ ಒಳಗಿನ ಪುಟಕ್ಕೆ ಹೋಯಿತು, ಅದಕ್ಕೂ ಮುಂಚೆ ಯಾವುದೋ ಶಾಂಪೂ ಜಾಹೀರಾತು ಮುಗಿಯುವ ತನಕ ಕಾಯಬೇಕು. ಕಾದೆ. ಮೂರನೇ ಸಲ ನಮ್ಮ ಊರೇ ಹೋಯಿತು, ಮೇಲೆ ಬಂಗಾರಪೇಟೆ ಅಂತ ಬಂತು. ಬಂಗಾರಪೇಟೆಯಲ್ಲಿ ದಿಬ್ಬ ಇದೆಯಾ? ಅಲ್ಲಿನ ಗಾಳಿ ತಗೊಂಡು ನಾನು ಏನು ಮಾಡಲಿ? ಆದರೂ ಹೇಗೋ ಹೊಂದಿಸಿಕೊಂಡೆ. ನಾಲ್ಕನೇ ಸಲ ಬಾಣವೂ ಇಲ್ಲ, ಸಂಖ್ಯೆಯೂ ಇಲ್ಲ. ಅದರ ಜಾಗದಲ್ಲಿ ನಗುತ್ತಿರುವ ಒಂದು ಹುಡುಗಿಯ ಚಿತ್ರ, ಕೆಳಗೆ, “ಹೊರಗೆ ಸುತ್ತಾಡಲು ಹಿತವಾದ ದಿನ!” ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅಂದರೆ ಇದೇ. ಇರಲಾರದೆ ಇರುವೆ ಬಿಟ್ಟುಕೊಂಡವರ ಹಾಗೆ, ಚೆನ್ನಾಗಿ ನಡೆಯುತ್ತಿದ್ದುದನ್ನು ಕೆಡಿಸುವಂಥದ್ದು ಈ ಜನಕ್ಕೆ ಏನು ಬಂತು ಅಂತ ನನಗೆ ಈಗಲೂ ಅರ್ಥವಾಗಿಲ್ಲ.

ಆ ಹುಡುಗಿಯ ಕೆಳಗೇ, “ನಮ್ಮ ಹೊಸ ರೂಪ ಇಷ್ಟವಾಯಿತೇ?” ಅಂತ ಐದು ನಕ್ಷತ್ರ. ಒಂದು ಒತ್ತಿ ಕನ್ನಡದಲ್ಲೇ ಬರೆದೆ. ‘ಸ್ವಾಮಿ, ನಮ್ಮ ತಂದೆಯವರಿಗೆ ಎದೆ ಸರಿಯಿಲ್ಲ, ಗಾಳಿಯ ಬಾಣ ನೋಡಿಯೇ ನಾವು ಅವರನ್ನು ಹೊರಗೆ ಕೂರಿಸುವುದು, ದಯವಿಟ್ಟು ಅದನ್ನು ವಾಪಸ್ ಕೊಡಿ, ನಿಮಗೆ ಪುಣ್ಯ ಬರುತ್ತದೆ’ ಅಂತ. ನಾಲ್ಕು ದಿನಕ್ಕೆ ಉತ್ತರ ಬಂತು. “ಪ್ರಿಯ ಬಳಕೆದಾರರೇ, ನಿಮ್ಮ ಪ್ರೀತಿಗೆ ಧನ್ಯವಾದಗಳು.” ಪ್ರೀತಿಯಂತೆ! ಫೋನನ್ನು ಗೋಡೆಗೆ ಎಸೆಯಬೇಕು ಅನ್ನಿಸಿತು. ಎಸೆದರೆ ಇನ್ನೊಂದು ಯಾರು ಕೊಡಿಸುತ್ತಾರೆ?

ಬೇರೆ ಆ್ಯಪ್‌ಗಳನ್ನೂ ಹಾಕಿ ನೋಡಿದೆ. ಒಂದು ಬೆಂಗಳೂರಿನ ಗಾಳಿ ಹೇಳುತ್ತಿತ್ತು, ಇನ್ನೊಂದು ನಿನ್ನೆಯದು. ಪೇಟೆಯ ಮೊಬೈಲ್ ಅಂಗಡಿಗೆ ಹೋಗಿ ಅತ್ತುಬಿಡುವ ಹಾಗೆ ಕೇಳಿದೆ. ಅಂಗಡಿಯವನು ಒಳ್ಳೆಯವನು, ಎಲ್ಲಿಂದಲೋ ಹಳೇದನ್ನು ಹುಡುಕಿ ಹಾಕಿಕೊಟ್ಟ.

“ನೋಡಕ್ಕ, ಬಾಣ ಬಂತು. ಆದ್ರೆ ಎಷ್ಟು ದಿನ ಇರ್ತದೋ ಏಳಕ್ಕಾಗಲ್ಲ,” ಅಂದ.

ಎರಡು ದಿನ ಇತ್ತು. ಮೂರನೇ ದಿನ ಬೆಳಿಗ್ಗೆ ತೆರೆದರೆ, “ಮುಂದುವರಿಯಲು ಅಪ್‌ಡೇಟ್ ಮಾಡಿ.” ಬೇಡ ಅನ್ನುವುದಕ್ಕೆ ಗುಂಡಿಯೇ ಇಲ್ಲ. ಒಳಗಿನಿಂದ ಅಪ್ಪ, “ಅಮ್ಮಣ್ಣೀ, ಗಾಳಿ ಎಂಗೈತೆ?” ಅನ್ನುತ್ತಿದ್ದಾನೆ. ಒತ್ತಿದೆ. ಹುಡುಗಿ ಮತ್ತೆ ಬಂದು ನಕ್ಕಳು.

ಪಕ್ಕದ ಮನೆಯಲ್ಲಿ ತಮಿಳಿನ ಅಕ್ಕ ಇದ್ದಾರೆ. ನನ್ನ ಒದ್ದಾಟ ನೋಡಿ, “ಏನಮ್ಮಾ ನೀನು, ಕಾತ್ತು ನೋಡೋಕೆ ಫೋನ್ ಯಾಕೆ? ತಂತಿ ಮೇಲೆ ಟವಲ್ ಹಾಕು, ಅದೇ ಹೇಳ್ತದೆ,” ಅಂತ ನಗುತ್ತಿದ್ದರು. ಗಾಳಿಗೆ ಅವರು ಕಾತ್ತು ಅನ್ನುವುದು. ಟವಲ್ ಈಗಿನದ್ದು ಹೇಳುತ್ತದೆ ಅಕ್ಕ, ಇನ್ನೆರಡು ಗಂಟೆಯ ಮೇಲಿನದ್ದು ಯಾರು ಹೇಳುತ್ತಾರೆ ಅಂತ ನಾನು ವಾದ ಮಾಡುತ್ತಿದ್ದೆ. ವಾದದಲ್ಲಿ ನಾನೇ ಗೆಲ್ಲುತ್ತಿದ್ದೆ.

ಆಷಾಢದ ಒಂದು ಬೆಳಿಗ್ಗೆ ಅಪ್ಪನ ಔಷಧಿ ಮುಗಿದಿತ್ತು. ಉಸಿರಿಗೆ ಹಿಡಿಯುವ ಮಿಷನ್ನಿಗೆ ಹಾಕುವ ಔಷಧಿ, ನಮ್ಮಲ್ಲಿ ಎರಡೂ ಅಂಗಡಿಯಲ್ಲಿ ಇಲ್ಲ ಅಂದರು, ಬಂಗಾರಪೇಟೆಗೆ ಹೋಗಿಯೇ ತರಬೇಕು. ವಾರದಿಂದ ಗಾಳಿ ನಿಂತಿರಲಿಲ್ಲ, ಅಪ್ಪ ಹೊರಗೆ ಬಂದೂ ವಾರವಾಗಿತ್ತು. ಅವತ್ತು ತಂತಿಯ ಮೇಲಿನ ಟವಲ್ ಅಲ್ಲಾಡುತ್ತಿರಲಿಲ್ಲ. ಫೋನು ತೆರೆದೆ. ಹಿತವಾದ ದಿನ, ನಾಳೆಯೂ ಹಿತವಾದ ದಿನ. ಎಷ್ಟು ಬೈದಿದ್ದರೂ, ಮನಸ್ಸಿಗೆ ಬೇಕಾದದ್ದನ್ನು ಹೇಳಿದಾಗ ನಂಬಿಬಿಟ್ಟೆ. ಬಿಸಿಲು ನೋಡಿ ಬಾಗಿಲ ಬೆಡ್‌ಶೀಟುಗಳನ್ನೂ ಬಿಚ್ಚಿ ಬಕೆಟ್ಟಿಗೆ ನೆನೆಹಾಕಿದೆ.

“ಅಮ್ಮಣ್ಣೀ, ಗಾಳಿ ಎಂಗೈತೆ?”

“ಚೆಂದಾಗೈತಪ್ಪ. ಬಾ, ಕೂತ್ಕೊ. ನಾನು ಬಂಗಾರಪೇಟೆಗೆ ಓಗಿ ಬತ್ತೀನಿ. ಬರೋ ತನಕ ಬಿಸಿಲಲ್ಲಿ ಕೂತಿರು.”

ಅಪ್ಪ ಕುರ್ಚಿಯಲ್ಲಿ ಕೂತು ಕಾಲು ಚಾಚಿ, “ಅಬ್ಬಾ!” ಅಂದ. ಆ ಮುಖ ನನಗೆ ಈಗಲೂ ಕಾಣುತ್ತದೆ. ಪಕ್ಕದ ಮನೆಗೆ ಬೀಗ ಇತ್ತು, ಅಕ್ಕ ಉರಿಗಾಂನಲ್ಲಿರುವ ಮಗಳ ಮನೆಗೆ ಹೋಗಿದ್ದರು. ಹಿತವಾದ ದಿನವಲ್ಲವೇ, ಇರಲಿ ಅಂದುಕೊಂಡು ರೈಲು ಹತ್ತಿದೆ.

ಬಂಗಾರಪೇಟೆಯಲ್ಲಿ ಔಷಧಿ ತಗೊಂಡು ಅಂಗಡಿಯಿಂದ ಇಳಿಯುವಾಗ ರಸ್ತೆಯ ಕಾಗದಗಳು ಎದ್ದು ಹಾರಿದವು. ತರಕಾರಿಯವರ ಟಾರ್ಪಾಲು ಪಟಪಟ ಅಂದಿತು. ಗಾಳಿ ಪಡುವಲಿಂದ ಬರುತ್ತಿತ್ತು. ಫೋನು ತೆರೆದರೆ ಹುಡುಗಿ ಇನ್ನೂ ನಗುತ್ತಿದ್ದಾಳೆ. “ಥೂ, ನಿನ್ನ ಮನೆ ಹಾಳಾಗ!” ಅಂತ ರಸ್ತೆಯಲ್ಲೇ ಕೂಗಿದೆ, ಜನ ತಿರುಗಿ ನೋಡಿದರು. ಅಪ್ಪ ಫೋನು ಇಟ್ಟುಕೊಳ್ಳುವುದಿಲ್ಲ. ಅಕ್ಕನಿಗೆ ಮಾಡಿದರೆ ಅವರು ಉರಿಗಾಂನಿಂದ ಈಗಲೇ ಹೊರಡುತ್ತೇನೆ ಅಂದರು. ರೈಲಿಗೆ ಇನ್ನೂ ಹೊತ್ತಿತ್ತು, ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಒಂದೇ ಹೇಳಿಕೊಂಡೆ. ಬಾಗಿಲು ನಾಲ್ಕು ಹೆಜ್ಜೆ, ಅಪ್ಪ ನಡೆಯುತ್ತಾನೆ, ಗಾಳಿ ಎದ್ದ ಕೂಡಲೇ ಒಳಗೆ ಹೋಗಿರುತ್ತಾನೆ. ಚಿಕ್ಕ ಮಕ್ಕಳಿಗೂ ಅಷ್ಟು ಗೊತ್ತಾಗುತ್ತದೆ.

ನಮ್ಮ ಲೈನಿನ ಎಲ್ಲ ಬಾಗಿಲುಗಳೂ ಮುಚ್ಚಿದ್ದವು, ಎದುರಿನ ಮನೆಗಳು ಕಾಣದಷ್ಟು ಬಿಳಿ ದೂಳು. ಆ ಗಾಳಿಯಲ್ಲಿ ಆಟೋ ಸಿಗದೆ ಅಕ್ಕ ಇನ್ನೂ ಬಂದಿರಲಿಲ್ಲ. ಅಪ್ಪ ಕುರ್ಚಿಯಲ್ಲೇ ಇದ್ದ. ಟವಲ್ಲನ್ನು ಮೂಗಿಗೆ ಒತ್ತಿ ಹಿಡಿದುಕೊಂಡು, ತಲೆ ತಗ್ಗಿಸಿ, ಕೂತೇ ಇದ್ದ. ಕೂದಲು, ರೆಪ್ಪೆ, ಲುಂಗಿ ಎಲ್ಲ ಬಿಳಿ, ತುಟಿ ಮಾತ್ರ ನೀಲಿ. ಎತ್ತಿ ಒಳಗೆ ತಂದು ಮಿಷನ್ನು ಹಾಕಿದೆ. ಅಳುತ್ತಾ, ಬೈಯುತ್ತಾ ಕೇಳಿದೆ, “ಯಾಕಪ್ಪ ಒಳಗೆ ಬರಲಿಲ್ಲ? ಬಾಗಿಲು ಇಲ್ಲೇ ಅಲ್ವಾ? ನಿಂಗೇನು ಬುದ್ಧಿ ಇಲ್ವಾ?”

ಉಸಿರು ಸಿಕ್ಕಾಗ ಸಿಕ್ಕಷ್ಟು ಹೇಳಿದ. “ನೀನು ಏಳಿದ್ದೆ... ಚೆಂದಾಗೈತೆ ಅಂತ... ನಿಂತೋಗ್ತದೆ ಅಂದ್ಕೊಂಡೆ...”

ಅವನ ಕಣ್ಣಿಗೆ ದೂಳು ಕಾಣಲಿಲ್ಲವೇ? ಕಂಡಿತ್ತು. ಆದರೆ ಗಾಳಿ ನೋಡುವವಳು ಚೆನ್ನಾಗಿದೆ ಅಂದಿದ್ದಳು, ಬರುವ ತನಕ ಕೂತಿರು ಅಂದಿದ್ದಳು. ಕೆಟ್ಟ ಮೇಲೆ ಬುದ್ಧಿ ಬಂತು ಅನ್ನುತ್ತಾರಲ್ಲ, ಆ ಬುದ್ಧಿ ತಗೊಂಡು ಏನು ಮಾಡುವುದು?

ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದು ಅಪ್ಪ ಮನೆಗೆ ಬಂದ. ಈಗ ಮೂಗಿಗೆ ಸದಾ ಕೊಳವೆ, ಮಂಚದ ಪಕ್ಕದಲ್ಲಿ ಆಕ್ಸಿಜನ್ ಮಿಷನ್ನು. ಕೊಳವೆ ಉದ್ದವಿದೆ, ಬಾಗಿಲ ತನಕ ಬರುತ್ತದೆ. ಗಾಳಿ ಇಲ್ಲದ ದಿನ ಹೊರಗೆ ಕೂರಿಸಬಹುದು, ಕೂರಿಸಿ, ಮನಸ್ಸಿಗೆ ಒಳ್ಳೆಯದು ಅಂತ ಡಾಕ್ಟರೇ ಹೇಳಿದ್ದಾರೆ. ನಾನು ಆ ಆ್ಯಪನ್ನು ತೆಗೆದುಹಾಕಿಲ್ಲ. ದಿನಾ ತೆರೆಯುತ್ತೇನೆ, ಬಾಣ ವಾಪಸ್ ಬಂದಿದೆಯೇನೋ ಅಂತ ನೋಡುತ್ತೇನೆ, ಮುಚ್ಚುತ್ತೇನೆ.

ಹೋದ ವಾರ ಮೂರು ದಿನ ಬಿಡದೆ ಮಳೆ ಬಂತು. ನಾಲ್ಕನೇ ದಿನ ಬಿಸಿಲು. ದಿಬ್ಬ ನೆನೆದು ಕಪ್ಪಗೆ ಬಿದ್ದುಕೊಂಡಿತ್ತು, ತಂತಿಯ ಮೇಲೆ ಟವಲ್ ಅಲ್ಲಾಡುತ್ತಿರಲಿಲ್ಲ. ಪಕ್ಕದ ಮನೆಯ ಅಕ್ಕ ತಾವೇ ಕುರ್ಚಿ ಒರೆಸಿ ಹಾಕಿ, “ಕರ್ಕೊಂಡು ಬಾಮ್ಮಾ, ಇಂಥಾ ದಿನ ಇನ್ನು ಸಿಗಲ್ಲ,” ಅಂದರು. ನನಗೂ ಗೊತ್ತಿತ್ತು.

ಒಳಗಿನಿಂದ ಅಪ್ಪ ಕೇಳಿದ, “ಅಮ್ಮಣ್ಣೀ, ಗಾಳಿ ಎಂಗೈತೆ?”

ಚೆಂದಾಗೈತೆ ಅನ್ನಲು ಬಾಯಿ ತೆರೆದೆ, ಆ ಮಾತು ಹೊರಗೆ ಬರಲಿಲ್ಲ. ಅಪ್ಪ ಆಸ್ಪತ್ರೆಯಿಂದ ಬಂದ ಮೇಲೆ ಅದು ಒಂದು ದಿನವೂ ಬಂದಿಲ್ಲ.

“ಇವತ್ತು ಬ್ಯಾಡಪ್ಪ,” ಅಂದೆ, “ಗಾಳಿ ಸರಿಯಿಲ್ಲ.”

ತೆರೆದ ಬಾಗಿಲಿನಿಂದ ಬಿಸಿಲು ಅವನ ಮಂಚದ ಕಾಲಿನ ತನಕ ಬಂದಿತ್ತು. ಅಪ್ಪ ಆ ಬಿಸಿಲನ್ನು ನೋಡಿದ, ನನ್ನ ಮುಖವನ್ನು ನೋಡಿದ.

“ಸರಿ ಅಮ್ಮಣ್ಣಿ,” ಅಂದ. ಎರಡನೇ ಸಲ ಕೇಳಲಿಲ್ಲ.