ಥಂಡಿ ಹೋಗುವ ತನಕ

ಡೊಂಬಿವಲಿಯಲ್ಲಿ ಚಳಿಗಾಲ ಎನ್ನುವುದು ನಿಜವಾಗಿ ಇಲ್ಲ. ಕೆಲವು ದಿನ ಬೆಳಿಗ್ಗೆ ಸ್ವಲ್ಪ ಮಂಜು ಬೀಳುತ್ತದೆ, ಸ್ಟೇಷನ್ನಿನಲ್ಲಿ ನಾಲ್ಕು ಜನ ಮಂಕಿ ಕ್ಯಾಪ್ ಹಾಕಿಕೊಂಡು ನಿಂತಿರುತ್ತಾರೆ, ಅಷ್ಟೇ. ಆದರೆ ತೊಂಬತ್ತರ ದಶಕದಲ್ಲಿ ನಮ್ಮ ಒಂದು ಕೋಣೆ, ಒಂದು ಅಡುಗೆಮನೆಯ ಬ್ಲಾಕಿನಲ್ಲಿ ಮಾತ್ರ ಚಳಿಗಾಲ ಭರ್ತಿ ಮೂರು ತಿಂಗಳು ಇರುತ್ತಿತ್ತು. ಅದು ಯಾವಾಗ ಮುಗಿಯಬೇಕು ಎಂದು ನನ್ನ ಅತ್ತೆ ತೀರ್ಮಾನಿಸುತ್ತಿದ್ದರು. ಮುಗಿಯಿತು ಎಂದು ಅವರು ಹೇಳಿದ ದಿನ ನಾವು ಕೆಳಗೆ ಹೋಗಿ, ಮೆಟ್ಟಿಲ ಅಡಿಯಲ್ಲಿ ನಿಲ್ಲಿಸಿದ ಮೋಟರ್‌ಸೈಕಲ್ಲಿಗೆ ಹೊದಿಸಿದ್ದ ತಾಡಪತ್ರಿ ತೆಗೆಯುತ್ತಿದ್ದೆವು.

ಆ ತಾಡಪತ್ರಿ ನನಗೆ ಸಣ್ಣ ಸಂಗತಿಯಾಗಿರಲಿಲ್ಲ. ನಾನು ಬೇಲಾಪುರದ ಒಂದು ಸರ್ಕಾರಿ ಕಚೇರಿಯಲ್ಲಿ ಟೈಪಿಸ್ಟ್. ಡೊಂಬಿವಲಿಯಿಂದ ಸ್ಲೋ ಲೋಕಲ್ ಹಿಡಿದು ಕುರ್ಲಾ, ಅಲ್ಲಿ ಬ್ರಿಜ್ ಹತ್ತಿ ಇಳಿದು ಹಾರ್ಬರ್ ಲೈನ್, ಆಮೇಲೆ ಬೇಲಾಪುರ. ಎರಡು ಗಂಟೆಯ ದಾರಿ. ಗಂಡನ ಗಾಡಿಯ ಹಿಂದೆ ಕೂತರೆ ಶಿಳ್ ಫಾಟಾದ ಕೂಡುರಸ್ತೆ ದಾಟಿ ಮಹಾಪೆಯಲ್ಲಿ ಇಳಿಯುತ್ತಿದ್ದೆ. ಇವರು ಬಲಕ್ಕೆ ತಿರುಗಿ ರಬಾಳೆಯ ಫ್ಯಾಕ್ಟರಿಗೆ ಹೋಗುತ್ತಿದ್ದರು, ನಾನು ಎಡಕ್ಕೆ ಹೋಗುವ ಬಸ್ಸು ಹತ್ತುತ್ತಿದ್ದೆ. ಒಂದು ಗಂಟೆಯಲ್ಲಿ ಕಚೇರಿ. ಹೋಗಿ ಬರುವುದರಲ್ಲಿ ದಿನಕ್ಕೆ ಎರಡು ಗಂಟೆ ನನ್ನ ಕೈಗೆ ಸಿಗುತ್ತಿತ್ತು. ಗಾಳಿ ಸಿಗುತ್ತಿತ್ತು. ಯಾರ ಮೊಣಕೈಯೂ ಪಕ್ಕೆಗೆ ತಿವಿಯುತ್ತಿರಲಿಲ್ಲ. ಸಂಕ್ರಾಂತಿ ಕಳೆದ ದಿನದಿಂದ ನಾನು ವಸಂತಕ್ಕೆ ಕಾಯುತ್ತಿದ್ದುದು ಕೋಗಿಲೆಗಾಗಿ ಅಲ್ಲ, ಈ ಎರಡು ಗಂಟೆಗಾಗಿ.

ಅತ್ತೆಯ ನಿಯಮಕ್ಕೆ ಒಂದು ಕಾರಣ ಇತ್ತು. ನಮ್ಮ ಮದುವೆಯಾದ ಮೊದಲ ಜನವರಿಯಲ್ಲಿ ಇವರು ಒಬ್ಬರೇ ಕೆಲಸಕ್ಕೆ ಹೋಗುವಾಗ, ಶಿಳ್ ಹತ್ತಿರ ಮಂಜಿನಲ್ಲಿ ಕಲ್ಲುಕ್ವಾರಿಯ ಡಂಪರ್ ಒಂದು ಗಕ್ಕನೆ ನಿಂತಿದ್ದು ಕಾಣದೆ, ಬ್ರೇಕ್ ಹಾಕಿ, ಜಾರಿ ಬಿದ್ದು ಹೆಗಲ ಮೂಳೆ ಮುರಿದುಕೊಂಡರು. ಮಗನ ಆರೈಕೆಗೆ ಎಂದು ಅತ್ತೆ ಬಿಜಾಪುರದ ಕಡೆಯ ತಮ್ಮ ಊರಿನಿಂದ ಒಂದು ಟ್ರಂಕು, ಒಂದು ಚೀಲ ಜೋಳ ತಗೊಂಡು ಬಂದರು. ಮೂಳೆ ಕೂಡಿತು. ಅತ್ತೆ ಹೋಗಲಿಲ್ಲ. "ಥಂಡಿಯೊಳಗ ಗಾಡಿ ಮುಟ್ಟಿದ್ರ ನನ್ನ ಹೆಣಾ ದಾಟ್ಕೊಂಡು ಹೋಗಬೇಕು" ಎಂದು ಮಗನಿಗೆ ಹೇಳಿದರು. ಮೂವತ್ತು ದಾಟಿದ, ಫ್ಯಾಕ್ಟರಿಯಲ್ಲಿ ಹದಿನೈದು ಜನರ ಮೇಲೆ ಸೂಪರ್‌ವೈಸರ್ ಆಗಿದ್ದ ಮಗ ಹೂಂ ಎಂದು ತಲೆ ಅಲ್ಲಾಡಿಸಿದರು.

ಥಂಡಿ ಹೋಗಿದೆಯೇ ಎಂದು ತಿಳಿಯಲು ಅತ್ತೆಯ ಹತ್ತಿರ ಸುಮಾರು ಲಕ್ಷಣಗಳಿದ್ದವು. ಗ್ಯಾಲರಿಯಲ್ಲಿ ಇಟ್ಟ ಕೊಡದ ನೀರಿನಲ್ಲಿ ಬೆಳಗಾಗೆದ್ದು ಬೆರಳು ಅದ್ದಿ ನೋಡುವುದು. ಎದುರಿನ ಬಿಲ್ಡಿಂಗಿನ ನೀರಿನ ಟಾಕಿಯ ಮೇಲೆ ಕಾಗೆ ಮೀಯುತ್ತದೋ ಇಲ್ಲವೋ ನೋಡುವುದು. ರಿಕ್ಷಾ ಸ್ಟ್ಯಾಂಡಿನ ಅರಳಿಮರ ಎಲೆ ಪೂರ್ತಿ ಉದುರಿಸಿ ಕೆಂಪು ಚಿಗುರು ತೋರಿಸಬೇಕು. ಕಡೆಯದಾಗಿ ಕಾಮ ಸುಡಬೇಕು. ಹೋಳಿ ಹುಣ್ಣಿಮೆಯ ಸಂಜೆ ಬಿಲ್ಡಿಂಗಿನ ಅಂಗಳದಲ್ಲಿ ಬೆಂಕಿ ಹಾಕಿದಾಗ ಹೊಗೆ ಯಾವ ದಿಕ್ಕಿಗೆ ಹೋಗುತ್ತದೆ ಎಂದು ಅತ್ತೆ ಗ್ಯಾಲರಿಯಿಂದಲೇ ಸೆರಗಿನಿಂದ ಮೂಗು ಮುಚ್ಚಿಕೊಂಡು ನೋಡುತ್ತಿದ್ದರು. ಮರುದಿನ ಇವರು ಆ ಬೂದಿ ತಂದು ಗಾಡಿಯ ಹೆಡ್‌ಲೈಟಿಗೆ ಮೂರು ಬೆರಳು ಎಳೆದು, ತೆಂಗಿನಕಾಯಿ ಒಡೆದ ಮೇಲೆಯೇ ಗಾಡಿಗೆ ಕಿಕ್ ಹೊಡೆಯುವುದು.

ನನ್ನ ಅಪ್ಪ ಉಡುಪಿ ಕಡೆಯವರು, ಠಾಣೆಯ ಮಾಜಿವಾಡಾದಲ್ಲಿ ಒಂದು ಹೋಟೆಲಿನ ಗಲ್ಲಾಪೆಟ್ಟಿಗೆಯ ಹಿಂದೆ ಕೂರುತ್ತಿದ್ದರು. ನಮ್ಮ ಮನೆಯಲ್ಲಿ ಹವೆಯ ಬಗ್ಗೆ ಇದ್ದದ್ದು ಒಂದೇ ಲಕ್ಷಣ, ಕೊಬ್ಬರಿ ಎಣ್ಣೆಯ ಬಾಟಲಿ. ಎಣ್ಣೆ ಹೆಪ್ಪುಗಟ್ಟಿದರೆ ಚಳಿ, ಕರಗಿದರೆ ಇಲ್ಲ. ಇದಕ್ಕಿಂತ ನೇರವಾದ ಪುರಾವೆ ಬೇರೆ ಯಾವುದಿದೆ? ಫೆಬ್ರವರಿ ಶುರುವಾದ ಕೂಡಲೇ ನಾನು ಬಾಟಲಿ ಹಿಡಿದು ಅಡುಗೆಮನೆಗೆ ಹೋಗುತ್ತಿದ್ದೆ.

"ನೋಡಿ ಅತ್ತೆ, ನೀರಿನ ಹಾಗೆ ಆಗಿದೆ. ಇನ್ನು ಚಳಿ ಎಲ್ಲಿ ಉಂಟು ಮಾರಾಯ್ರೆ?"

ಅತ್ತೆ ರೊಟ್ಟಿ ಬಡಿಯುವುದನ್ನು ನಿಲ್ಲಿಸುತ್ತಿರಲಿಲ್ಲ. "ನಿನ್ನ ತಲಿಗೆ ಹಚ್ಚೂ ಎಣ್ಣೀ ಮಾತು ಕೇಳಿ ನನ್ನ ಮಗ ಗಾಡಿ ಹೊಡೀಬೇಕೇನು? ಇನ್ನ ಅರಳಿಗಿಡದಾಗ ಎಲಿ ಅದಾವು."

"ನಿಮ್ಮ ಊರಲ್ಲಿ ಎಲ್ಲರೂ ಹೀಗೇ ನೋಡ್ತಾರಾ?" ಎಂದು ಒಮ್ಮೆ ಇವರನ್ನು ಕೇಳಿದೆ. ಇವರು ನಕ್ಕರು. "ಕಾಮನ ಹೊಗಿ ನೋಡೂದು ಐತಿ, ಅದೂ ಮಳಿ ಸಲುವಾಗಿ. ಉಳಿದದ್ದೆಲ್ಲಾ ನಮ್ಮವ್ವ ಇಲ್ಲಿ ಬಂದ ಮ್ಯಾಲೆ ಮಾಡಿದ್ದು" ಎಂದರು. ನನಗೆ ಮೈ ಉರಿಯಿತು. ಒಂದು ಕಾಗೆಯ ಸ್ನಾನಕ್ಕಾಗಿ ನಾನು ಕುರ್ಲಾ ಬ್ರಿಜ್ ಹತ್ತಿ ಇಳಿಯುತ್ತಿದ್ದೆ ಎಂದಾಯಿತು.

ನಾಲ್ಕನೆಯ ವರ್ಷ ನಾನು ಗಾಡಿ ಓಡಿಸಲು ಕಲಿತೆ. ಭಾನುವಾರಗಳಲ್ಲಿ ಇವರೇ ಕಲಿಸಿದರು. ನವಿ ಮುಂಬಯಿಯಲ್ಲಿ ಆಗ ರಸ್ತೆ ಮೊದಲು ಬಂದು, ಮನೆಗಳು ಆಮೇಲೆ ಬರುತ್ತಿದ್ದವು. ಅಷ್ಟಗಲದ ಖಾಲಿ ಡಾಂಬರಿನಲ್ಲಿ ದುಪಟ್ಟಾ ಸೊಂಟಕ್ಕೆ ಬಿಗಿದು ನಾನು ಹದಿನೈದು ಸಲ ಇಂಜಿನ್ ಆಫ್ ಮಾಡಿದೆ, ಎರಡು ಸಲ ಪೊದೆಗೆ ನುಗ್ಗಿದೆ. ಲೈಸೆನ್ಸಿಗೆ ಎಂಟರ ಆಕಾರದಲ್ಲಿ ಗಾಡಿ ತಿರುಗಿಸಿ ತೋರಿಸಿದಾಗ ಅಲ್ಲಿದ್ದ ಗಂಡಸರು ಸಾಲು ಬಿಟ್ಟು ಬಂದು ನೋಡಿದರು. ಅತ್ತೆ ಇದಕ್ಕೆ ಒಳ್ಳೆಯದನ್ನೂ ಹೇಳಲಿಲ್ಲ, ಕೆಟ್ಟದ್ದನ್ನೂ ಹೇಳಲಿಲ್ಲ. ಅವರು ನನ್ನ ಬಗ್ಗೆ ಸಾಮಾನ್ಯವಾಗಿ ಏನೂ ಹೇಳುತ್ತಿರಲಿಲ್ಲ. ಜಗಳ ಇಲ್ಲ, ಚುಚ್ಚುಮಾತು ಇಲ್ಲ. ಮಗ ತಾನಾಗಿ ಮೆಚ್ಚಿ ಮನೆಗೆ ತಂದ ಬೇರೆ ಸೀಮೆಯ ಹುಡುಗಿ, ಅವಳ ಊಟ ಅವಳ ತಟ್ಟೆಯಲ್ಲಿ, ಅಷ್ಟು. ನಾನೂ ಅಷ್ಟರಲ್ಲೇ ಇದ್ದೆ.

ಆ ಡಿಸೆಂಬರಿನಲ್ಲಿ ಇವರನ್ನು ಕಂಪನಿಯವರು ಹೊಸ ಮಷೀನು ಕೂರಿಸುವ ಕೆಲಸಕ್ಕೆ ಮೂರು ತಿಂಗಳು ಗುಜರಾತಿಗೆ ಕಳಿಸಿದರು. ಮನೆಯಲ್ಲಿ ಅತ್ತೆ, ನಾನು, ಮತ್ತು ಮೆಟ್ಟಿಲ ಕೆಳಗೆ ತಾಡಪತ್ರಿ ಹೊದ್ದ ಗಾಡಿ.

ಜನವರಿಯ ಒಂದು ಬೆಳಿಗ್ಗೆ ಎಣ್ಣೆ ಬಾಟಲಿಯಲ್ಲಿ ಬೆಳ್ಳಗೆ ಗಟ್ಟಿಯಾಗಿ ಕೂತಿತ್ತು. ನಾನದನ್ನು ಸ್ಟೋವಿನ ಹತ್ತಿರ ಹಿಡಿದು ಕರಗಿಸುತ್ತಿದ್ದೆ. ಗ್ಯಾಲರಿಯಿಂದ ನೋಡಿದರೆ ಎದುರಿನ ಬಿಲ್ಡಿಂಗ್ ಮಂಜಿನಲ್ಲಿ ಅರ್ಧ ಇಲ್ಲ. ಹಿಂದಿನ ದಿನ ಕುರ್ಲಾದಲ್ಲಿ ನನ್ನ ಚಪ್ಪಲಿ ಕಿತ್ತು ಹೋಗಿತ್ತು, ಆ ಸಿಟ್ಟು ಇನ್ನೂ ಇತ್ತು. ಜಗಳಕ್ಕೆ ಒಂದು ನೆಪ ಬೇಕಿತ್ತೇನೋ, ಸುಮ್ಮನೆ ಕೇಳಿಬಿಟ್ಟೆ.

"ಅತ್ತೆ, ನಾನು ಇವತ್ತಿಂದ ಗಾಡಿ ತಗೊಂಡು ಹೋಗ್ಲಾ?"

ಅರಳಿಗಿಡ, ಕಾಗೆ, ಕಾಮ, ಎಲ್ಲ ಬರುತ್ತದೆ ಎಂದು ನಾನು ಉತ್ತರ ಸಿದ್ಧ ಮಾಡಿಕೊಂಡು ನಿಂತಿದ್ದೆ. ಅತ್ತೆ ಅಕ್ಕಿ ಆರಿಸುತ್ತಿದ್ದರು. ತಲೆ ಎತ್ತಲಿಲ್ಲ.

"ಬೇಕಾದ್ರ ಒಯ್ಯಿ. ಥಂಡಿ ಏನ ಅಷ್ಟ ಇಲ್ಲ ಈಗ."

ನಾನು ಕೀಲಿ ತಗೊಂಡು ಕೆಳಗೆ ಇಳಿದೆ. ತಾಡಪತ್ರಿ ತೆಗೆದೆ, ಬೂದಿ ಇಲ್ಲ, ತೆಂಗಿನಕಾಯಿ ಇಲ್ಲ, ಕಿಕ್ ಹೊಡೆದೆ. ಆರನೆಯ ಕಿಕ್‌ಗೆ ಗಾಡಿ ನೀಲಿ ಹೊಗೆ ಬಿಟ್ಟಿತು. ಮಾನಪಾಡಾ ರಸ್ತೆ ಮುಗಿಯುವ ಹೊತ್ತಿಗೆ ವಿಷಯ ನನ್ನ ತಲೆಗೆ ಪೂರ್ತಿ ಇಳಿಯಿತು. ಮಗ ಬಿದ್ದರೆ ಚಳಿ. ಸೊಸೆ ಬಿದ್ದರೆ ಚಳಿ ಇಲ್ಲ. ನಾಲ್ಕು ವರ್ಷ ಒಂದೇ ಸೂರಿನಡಿ ಇದ್ದು, ಅವರ ಜೋಳದ ರೊಟ್ಟಿ ತಿಂದು, ಅವರ ಮೊಣಕಾಲಿಗೆ ಎಣ್ಣೆ ತಿಕ್ಕಿದ ಮೇಲೆ ನನ್ನ ಲೆಕ್ಕ ಇಷ್ಟು. ಶಿಳ್ ಹತ್ತಿರ ಡಂಪರುಗಳ ಕೆಂಪು ದೀಪ ಮಂಜಿನಲ್ಲಿ ಕಾಣುತ್ತಿತ್ತು. ನಾನು ಬಹಳ ಹುಷಾರಾಗಿ ಓಡಿಸಿದೆ. ಅಳಲಿಲ್ಲ, ಹೆಲ್ಮೆಟ್ಟಿನೊಳಗೆ ಅತ್ತರೆ ಗಾಜು ಮಸುಕಾಗುತ್ತದೆ. ಆದರೆ ಅಷ್ಟು ಅವಮಾನ ನನಗೆ ಮೊದಲೂ ಆಗಿರಲಿಲ್ಲ, ಆಮೇಲೂ ಆಗಲಿಲ್ಲ.

ಬೇಕಾದದ್ದು ಸಿಕ್ಕಿತ್ತು. ದಿನಕ್ಕೆ ಎರಡು ಗಂಟೆಗಿಂತ ಹೆಚ್ಚೇ ಉಳಿಯಿತು. ಏನು ಮಾಡಬೇಕೆಂದು ತೋಚದೆ ಸಂಜೆ ಗ್ಯಾಲರಿಯಲ್ಲಿ ಕೂರುತ್ತಿದ್ದೆ. ಒಳಗೆ ಅತ್ತೆ, ಹೊರಗೆ ನಾನು. ಅರಳಿಮರ ಒಂದೊಂದಾಗಿ ಎಲೆ ಉದುರಿಸುತ್ತಿತ್ತು. ಇವರು ಭಾನುವಾರ ಕೆಳಗಿನ ಮನೆಯವರ ಫೋನಿಗೆ ಮಾಡುತ್ತಿದ್ದರು, ಇಡೀ ಬಿಲ್ಡಿಂಗಿಗೆ ಆಗ ಇದ್ದದ್ದು ಅದೊಂದೇ ಫೋನು. ಇವರಿಗೂ ನಾನು ಏನೂ ಹೇಳಲಿಲ್ಲ. ಏನೆಂದು ಹೇಳುವುದು? ನಿಮ್ಮ ಅವ್ವ ನನ್ನನ್ನು ತಡೆಯಲಿಲ್ಲ ಎಂದೇ?

ಫೆಬ್ರವರಿ ಕೊನೆಯ ಹೊತ್ತಿಗೆ ಫ್ಯಾನು ಹಾಕುವಷ್ಟು ಸೆಕೆ ಬಂತು. ಒಂದು ಸಂಜೆ ಕಚೇರಿಯಿಂದ ವಾಪಸ್ಸಾಗುವಾಗ ಶಿಳ್ ಫಾಟಾಕ್ಕೆ ಸ್ವಲ್ಪ ಮುಂಚೆ ಗಾಡಿಯ ಚೈನು ತುಂಡಾಯಿತು. ಅರ್ಧ ಮೈಲು ತಳ್ಳಿಕೊಂಡು ಫಾಟಾದ ಒಂದು ಗ್ಯಾರೇಜು ಸೇರಿದೆ. ಮೆಕ್ಯಾನಿಕ್ "ಬೈಠೋ ತಾಈ, ಟೈಮ್ ಲಗೇಗಾ" ಎಂದು, ಹೊತ್ತಾಗುತ್ತದೆ ಕೂರಿ ಎಂಬಂತೆ ಒಂದು ಟೈರು ತೋರಿಸಿದ. ನಾನು ಅದರ ಮೇಲೆ ಕೂತೆ. ಪಕ್ಕದಲ್ಲೇ ಹಳದಿ ಬಣ್ಣದ ಪಿಸಿಒ ಫೋನ್ ಬೂತು ಇತ್ತು. ಕೆಳಗಿನ ಮನೆಯವರ ನಂಬರ್ ನನಗೆ ಬಾಯಿಪಾಠ. ನಾನು ಫೋನ್ ಮಾಡಲಿಲ್ಲ. ಮರೆತೆ ಎಂದರೆ ಸುಳ್ಳಾಗುತ್ತದೆ. ಕಾಯುವವರು ಯಾರಿದ್ದಾರೆ ಅಂತ ಬೇಕೆಂದೇ ಮಾಡಲಿಲ್ಲ.

ಏಳಕ್ಕೆ ಮನೆಯಲ್ಲಿರುವವಳು ಒಂಬತ್ತರ ಹತ್ತಿರ ಬಿಲ್ಡಿಂಗಿನ ಗೇಟಿಗೆ ಬಂದೆ. ಗೇಟಿನ ಹೊರಗೆ, ರಸ್ತೆಯ ಮೇಲೆ, ಅತ್ತೆ ನಿಂತಿದ್ದರು. ಮೂರು ಮಹಡಿ ಇಳಿಯಲು ಮೊಣಕಾಲು ಬಿಡುವುದಿಲ್ಲ ಎಂದು ಅವರು ಪೇಟೆಗೂ ಹೋಗುತ್ತಿರಲಿಲ್ಲ. ಕಾಲಲ್ಲಿ ಒಂದು ಅವರ ಚಪ್ಪಲಿ, ಒಂದು ನನ್ನದು. ಪಕ್ಕದಲ್ಲಿ ಕೆಳಗಿನ ಮನೆಯ ಮರಾಠಿ ಕಾಕೂ ಅವರ ತೋಳು ಹಿಡಿದುಕೊಂಡಿದ್ದರು. "ಏಳು ಗಂಟೆಯಿಂದ ಇಲ್ಲೇ ನಿಂತಿದ್ದಾರೆ, ಎಷ್ಟು ಹೇಳಿದರೂ ಕೂರಲಿಲ್ಲ" ಎಂದು ಕಾಕೂ ನನಗೆ ಹಿಂದಿಯಲ್ಲಿ ಹೇಳಿದರು, ಸಿಟ್ಟಿನಲ್ಲೇ.

ಅತ್ತೆ ನನ್ನ ಹೆಗಲು ಮುಟ್ಟಿ ನೋಡಿದರು. ಆ ಕಡೆಯದು, ಈ ಕಡೆಯದು. ಮೂಳೆ ಇದೆಯೋ ಇಲ್ಲವೋ ಎನ್ನುವ ಹಾಗೆ ಒತ್ತಿದರು.

"ಚೈನು ಕಟ್ ಆಯ್ತು ಅತ್ತೆ."

"ಅನ್ನ ಆರಿ ಹೋತು. ನಡಿ ಬೇ ಯವ್ವಾ."

ನಾಲ್ಕು ವರ್ಷದಲ್ಲಿ ಅವರು ನನ್ನನ್ನು ಯವ್ವಾ ಎಂದದ್ದು ಅದೇ ಮೊದಲು. ಮೆಟ್ಟಿಲು ಹತ್ತುವಾಗ ಒಂದು ಮಹಡಿಗೊಮ್ಮೆ ಕೂತರು. ನಾನೂ ಪಕ್ಕದಲ್ಲಿ ಕೂತೆ. ಪಿಸಿಒ ವಿಷಯ ನಾನು ಎತ್ತಲಿಲ್ಲ. ನನಗೆ ನಾಚಿಕೆಯಾಗಿತ್ತು. ಜನವರಿಯಲ್ಲಿ ಅವರು ನನ್ನನ್ನು ಯಾಕೆ ತಡೆಯಲಿಲ್ಲ ಎಂದು ನಾನು ಎಂದೂ ಕೇಳಲಿಲ್ಲ. ಬೇರೆ ಸೀಮೆಯ, ಕಚೇರಿಗೆ ಹೋಗುವ, ಎಂಟು ಹಾಕಿ ಲೈಸೆನ್ಸು ತಂದ ಹುಡುಗಿಗೆ ಬೇಡ ಎನ್ನಲು ತನಗೇನು ಹಕ್ಕು ಎಂದು ಅವರಿಗೆ ಅನ್ನಿಸಿರಬಹುದು. ಅಥವಾ ನಾನು ಅಂದುಕೊಂಡದ್ದೇ ಆಗ ಸರಿ ಇದ್ದಿರಬಹುದು.

ಮರುದಿನ ಬೆಳಿಗ್ಗೆ ಮೊಳೆಯಲ್ಲಿ ಗಾಡಿಯ ಕೀಲಿ ಇರಲಿಲ್ಲ. ಕಪಾಟು ನೋಡಿದೆ, ಪರ್ಸು ನೋಡಿದೆ. ಅತ್ತೆ ರೊಟ್ಟಿ ಬಡಿಯುತ್ತಿದ್ದರು. ಜೋಳದ ಹಿಟ್ಟಿನ ಡಬ್ಬಿ ಎಂದೂ ಇಲ್ಲದ್ದು ಅವರ ತೊಡೆಗೆ ತಾಗಿ ಕೂತಿತ್ತು, ಮುಚ್ಚಳ ಬಿಗಿಯಾಗಿ.

"ಅತ್ತೆ, ಕೀಲಿ ಎಲ್ಲಿ?"

"ಇವತ್ತ ಗಾಡಿ ಬ್ಯಾಡ." ಅವರ ಮೂಗಿನ ತುದಿಯಲ್ಲಿ ಬೆವರು ನಿಂತಿತ್ತು. ಮೇಲೆ ಫ್ಯಾನು ಮೂರರಲ್ಲಿ ತಿರುಗುತ್ತಿತ್ತು. "ಇನ್ನ ಥಂಡಿ ಐತಿ."

ಕಿಟಕಿಯ ಹತ್ತಿರ ನನ್ನ ಎಣ್ಣೆ ಬಾಟಲಿ ನೀರಿನ ಹಾಗೆ ಹೊಳೆಯುತ್ತಿತ್ತು. ಅರಳಿಮರದಲ್ಲಿ ಒಂದೂ ಹಳೆಯ ಎಲೆ ಇರಲಿಲ್ಲ. ಟಾಕಿಯ ಮೇಲೆ ಎರಡು ಕಾಗೆಗಳು ಮಿಂದು ರೆಕ್ಕೆ ಒದರುತ್ತಿದ್ದವು. ನಾನು ಯಾವುದನ್ನೂ ತೋರಿಸಲಿಲ್ಲ. ಊಟದ ಡಬ್ಬಿ ಕಟ್ಟಿಕೊಂಡು ಸ್ಟೇಷನ್ನಿಗೆ ಹೋದೆ. ಕುರ್ಲಾ ತನಕ ಒಂದು ಕಾಲಿನ ಮೇಲೆ ನಿಂತಿದ್ದೆ, ಯಾರದೋ ಮೊಣಕೈ ಪಕ್ಕೆಯಲ್ಲಿತ್ತು, ಮತ್ತು ನನಗೆ ಬಹಳ ಸಂತೋಷವಾಗಿತ್ತು. ಪಕ್ಕದವಳು ನಗುವುದೇಕೆ ಎಂದು ಮರಾಠಿಯಲ್ಲಿ ಕೇಳಿದಳು.

ಹೋಳಿಗೆ ಎರಡು ದಿನ ಇರುವಾಗ ಇವರು ಗುಜರಾತಿನಿಂದ ಬಂದರು. ನಾನು ಡಬ್ಬಿ ಹಿಡಿದು ಹೊರಟಾಗ ಇವರು ಬ್ಯಾಗು ಹೊತ್ತು ಗೇಟಿನಲ್ಲಿ ರಿಕ್ಷಾ ಇಳಿಯುತ್ತಿದ್ದರು. ಅಂಗಿಯ ಬೆನ್ನು ಪೂರ್ತಿ ಒದ್ದೆ. ಮೆಟ್ಟಿಲ ಕೆಳಗೆ ತಾಡಪತ್ರಿ ಇಲ್ಲದೆ ನಿಂತ ಗಾಡಿ ನೋಡಿದರು, ಚೈನು ಹೊಸದಾಗಿದ್ದು ನೋಡಿದರು, ನನ್ನನ್ನು ನೋಡಿದರು.

"ಗಾಡಿ ಬಿಟ್ಟು ಈ ಬಿಸಲಾಗ ಸ್ಟೇಷನ್ನಿಗೆ ಯಾಕ ಹೊಂಟಿ?"

ಮೂರನೆಯ ಮಹಡಿಯ ಗ್ಯಾಲರಿಯಲ್ಲಿ ಅತ್ತೆ ಬಗ್ಗಿ ನಿಂತಿದ್ದರು. ಮಗನನ್ನೂ ನೋಡುತ್ತಿದ್ದರು, ನನ್ನನ್ನೂ ನೋಡುತ್ತಿದ್ದರು.

"ಇನ್ನ ಥಂಡಿ ಐತಿ" ಎಂದೆ ನಾನು.