ಬರಿಗಾಲಿನ ಅಳತೆ

ಅರುವತ್ತರ ದಶಕದ ಮೊದಲಿಗೆ ನಾನು ಬಂಟ್ವಾಳದ ಹೋಟೆಲೊಂದರಲ್ಲಿ ಅಡುಗೆಗಿದ್ದೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನು, ಆದರೆ ಕೆಲಸದಲ್ಲಿ ಯಾರಿಂದಲೂ ಒಂದು ಮಾತು ಹೇಳಿಸಿಕೊಂಡವನಲ್ಲ. ಆ ಹೋಟೆಲಿಗೆ ಊಟಕ್ಕೆ ಬರುತ್ತಿದ್ದ ಮೂಡಬಿದಿರೆಯ ಡಾಕ್ಟರರೊಬ್ಬರು ಗೆಳೆಯರ ಜೊತೆ ಹಿಮಾಲಯಕ್ಕೆ ಚಾರಣ ಹೊರಟರು. ಅಲ್ಲಿಯೂ ಅವರಿಗೆ ಕುಚ್ಚಲಕ್ಕಿ ಗಂಜಿಯೇ ಬೇಕು, ಅದನ್ನು ಬೇಯಿಸಲು ನಾನೇ ಬೇಕು. ತೊಡಕು ನನ್ನ ಕಾಲಿನದು. ಅದು ಹತ್ತು ವರ್ಷದ ಮಕ್ಕಳ ಕಾಲಿನಷ್ಟೇ ಇತ್ತು.

“ನಮಗೆಲ್ಲ ಬೂಟು, ಕ್ರಾಂಪಾನ್ ಅಲ್ಲಿಯೇ ಬಾಡಿಗೆಗೆ ಸಿಗ್ತದೆ. ನಿನ್ನ ಅಳತೆಯದ್ದು ಇಲ್ಲವಂತೆ, ಕಾಗದ ಬಂದಿದೆ. ಇಲ್ಲಿಂದಲೇ ಮಾಡಿಸಿಕೊಂಡರೆ ಬಾ. ಇಲ್ಲದಿದ್ದರೆ ಬೇರೆಯವರನ್ನು ನೋಡ್ತೇನೆ,” ಎಂದರು ಡಾಕ್ಟರರು.

ಬೇರೆಯವರಂತೆ! ಕ್ರಾಂಪಾನ್ ಎಂದರೆ ಹಿಮದಲ್ಲಿ ಜಾರದಂತೆ ಬೂಟಿನಡಿಗೆ ಕಟ್ಟುವ ಕಬ್ಬಿಣದ ಮುಳ್ಳು. ಅದರ ಚಿತ್ರ ಕೇಳಿ ಪಡೆದು ಮೂಡಬಿದಿರೆ, ಬೆಳ್ತಂಗಡಿಯ ಅಂಗಡಿಗಳನ್ನೆಲ್ಲ ಹತ್ತಿಳಿದೆ. ಇದ್ದದ್ದು ಮಕ್ಕಳ ಕ್ಯಾನ್ವಾಸು ಶೂ ಮಾತ್ರ. ಕೊನೆಗೆ ಪಾಣೆಮಂಗಳೂರಿನಲ್ಲಿ ಚಪ್ಪಲಿ ಹೊಲಿಯುವವನ ಮುಂದೆ ಕಾಲು ಚಾಚಿದೆ.

“ಇದು ಮದುಮಗಳ ಕಾಲು ಮಾರಾಯ! ಇದಕ್ಕೆ ಬೂಟು ಯಾಕೆ, ಗೆಜ್ಜೆ ಮಾಡಿಸು.”

“ಹೊಲಿಯಲಿಕ್ಕೆ ಆಗ್ತದಾ ಇಲ್ವಾ, ಅದು ಹೇಳು.”

ಅವನು ತೆಂಗಿನ ಗರಿಯ ಕಡ್ಡಿಯನ್ನು ನನ್ನ ಬರಿಪಾದಕ್ಕೆ ಹಿಡಿದು, ಹೆಬ್ಬೆರಳಿನ ತುದಿಗೆ ಸರಿಯಾಗಿ ಮುರಿದ. ನಮ್ಮಲ್ಲಿ ಅಳತೆಯೆಂದರೆ ಅಷ್ಟೇ. ಕಾಲುಚೀಲ ಹಾಕುವವರು ಯಾರಿದ್ದರು? ಅದೇ ಕಡ್ಡಿ, ಅದೇ ಚಿತ್ರ ನೋಡಿ ಎತ್ತುಗಳಿಗೆ ಲಾಳ ಹೊಡೆಯುವ ಆಚಾರಿ ಮುಳ್ಳು ತಟ್ಟಿಕೊಟ್ಟ. “ಈ ಎತ್ತು ಒದೀತದಾ?” ಎಂದು ನಕ್ಕ. ನಾನು ನಗಲಿಲ್ಲ.

ಹಿಮದ ಬೆಟ್ಟದ ಬುಡದಲ್ಲಿ ಡಾಕ್ಟರರು ದಪ್ಪ ಉಣ್ಣೆಯ ಕಾಲುಚೀಲ ಎರಡೆರಡು ಜೊತೆ ಹಂಚಿದರು. ನನ್ನ ಬೂಟಿನೊಳಗೆ ಒಂದು ಜೊತೆಯೂ ಹಿಡಿಯಲಿಲ್ಲ.

“ಹಿಡೀತದಾ?”

“ಹಿಡೀತದೆ ಸಾರ್.”

ಇಲ್ಲವೆಂದರೆ ಅಲ್ಲಿಂದಲೇ ವಾಪಸು ಕಳಿಸುತ್ತಿದ್ದರು. ಕಾಲುಚೀಲವನ್ನು ಅಕ್ಕಿಯ ಚೀಲದೊಳಗೆ ತುರುಕಿದೆ.

ಮುಳ್ಳು ಹಿಮವನ್ನು ಚೆನ್ನಾಗಿಯೇ ಕಚ್ಚುತ್ತಿತ್ತು. ಮೊದಲ ದಿನ ಬೆರಳು ಉರಿಯಿತು. ಎರಡನೇ ದಿನ ಚುಚ್ಚಿತು. ಮೂರನೇ ದಿನ ಏನೂ ಇರಲಿಲ್ಲ, ಅಭ್ಯಾಸವಾಯಿತು ಎಂದುಕೊಂಡೆ. ಗಂಜಿ ಬೇಯಿಸಿದೆ, ಬಡಿಸಿದೆ, ಪಾತ್ರೆ ತಿಕ್ಕಿದೆ. ಬೂಟು ಬಿಚ್ಚಿದಾಗ ಎಡಗಾಲಿನ ಹೆಬ್ಬೆರಳೂ ಅದರ ಪಕ್ಕದ್ದೂ ಚಳಿಗೆ ಸತ್ತು ಕಪ್ಪಾಗಿದ್ದವು. ಡಾಕ್ಟರರು ಬೈಯಲಿಲ್ಲ. ಕೆಳಗಿನ ಆಸ್ಪತ್ರೆಯಲ್ಲಿ ಎರಡನ್ನೂ ತೆಗೆದರು. ಬೇರೆ ಯಾರದೋ ಬೆರಳೆಂಬಂತೆ ನೋಡುತ್ತ ಮಲಗಿದ್ದೆ.

ಊರಿಗೆ ಬಂದ ಮೇಲೆ ಪಾಣೆಮಂಗಳೂರಿನವನು ದಾರಿಯಲ್ಲಿ ಕರೆದು ಕೇಳಿದ: “ಬೂಟು ಹೇಗಾಯ್ತು ಮಾರಾಯ?”

“ಸರಿ ಉಂಟು,” ಎಂದೆ.

ಆ ಬೂಟು ಈಗಲೂ ಅಟ್ಟದಲ್ಲಿದೆ. ಒಮ್ಮೆ ಉಣ್ಣೆಯ ಕಾಲುಚೀಲ ಹಾಕಿ ಎಡಗಾಲು ತೂರಿಸಿ ನೋಡಿದೆ. ಸಲೀಸಾಗಿ ಹೋಯಿತು.