ತುಳಿಯಲೆಂದು ಕಟ್ಟಿದ ತೋಫು ಅಂಗಡಿ

ತೊಕುಜೊ ಊರು ಕಟ್ಟುವ ಕೆಲಸದವನು. ಸೋಮವಾರ ಶುರು ಮಾಡಿದರೆ ಶುಕ್ರವಾರದ ಹೊತ್ತಿಗೆ ರೈಲು ನಿಲ್ದಾಣ, ನೀರಿನ ಟ್ಯಾಂಕು, ಆಸ್ಪತ್ರೆ, ಮಹಡಿಯ ಮೇಲೆ ಒಣಹಾಕಿದ ಬಟ್ಟೆ ಸಮೇತ ಊರು ಸಿದ್ಧ. ಎಲ್ಲವೂ ಸೊಂಟದೆತ್ತರದ್ದು. ಶನಿವಾರ ರಬ್ಬರಿನ ಮೃಗವೊಂದು ಬಂದು ಅದನ್ನೆಲ್ಲ ತುಳಿದುಹಾಕುತ್ತಿತ್ತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅನ್ನುವ ಮಾತು ನಮ್ಮ ಸ್ಟುಡಿಯೋ ನೋಡಿಯೇ ಹುಟ್ಟಿರಬೇಕು. ಈಗ ಆ ಸ್ಟುಡಿಯೋ ಇಲ್ಲ, ಆ ಜಾಗದಲ್ಲಿ ಕಾರು ನಿಲ್ಲಿಸುತ್ತಾರೆ. ಅದರ ಪಕ್ಕ ಹಾದುಹೋಗುವಾಗ ಇಂದಿಗೂ ಹಸಿ ಪ್ಲಾಸ್ಟರಿನ ವಾಸನೆ ಮೂಗಿಗೆ ಬಂದಂತಾಗುತ್ತದೆ.

ಅರವತ್ತನಾಲ್ಕರ ಒಲಿಂಪಿಕ್ಸ್ ಮುಗಿದು ಮೂರು ವರ್ಷವಾಗಿತ್ತು. ಭಾನುವಾರ ಸಂಜೆ ಏಳಾಯಿತೆಂದರೆ ಟೋಕಿಯೋದ ಗಲ್ಲಿಗಳಲ್ಲಿ ಒಂದು ಮಗುವೂ ಕಾಣುತ್ತಿರಲಿಲ್ಲ, ಎಲ್ಲರೂ ಟಿವಿ ಮುಂದೆ. ವಾರಕ್ಕೊಂದು ಮೃಗ ಸಮುದ್ರದಿಂದಲೋ ಭೂಮಿಯೊಳಗಿಂದಲೋ ಎದ್ದುಬಂದು ಊರನ್ನು ನುಚ್ಚುನೂರು ಮಾಡುವುದು, ಕೊನೆಗೆ ಕೆಂಪು ಕವಚದ ದೈತ್ಯವೀರ ಆಕಾಶದಿಂದಿಳಿದು ಅದನ್ನು ಕೆಡವುವುದು, ಇಷ್ಟೇ ಕಥೆ. ಮಕ್ಕಳಿಗೆ ವೀರನ ಹುಚ್ಚು. ತೊಕುಜೊನ ತಾಯಿ ಶಿಗೆಗೆ ಮಾತ್ರ ಮಗ ಕಟ್ಟಿದ ಮನೆಗಳದ್ದೇ ಚಿಂತೆ. ಸೊಂಟ ಬಿದ್ದುಹೋಗಿ ಹೊಸ್ತಿಲು ದಾಟಲಾರದ ಮುದುಕಿ, ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಚಾಪೆಯ ಮೇಲೆ ಕೂತು ಟಿವಿಯೊಳಗಿನ ಮೃಗಗಳನ್ನು ಬಾಯ್ತುಂಬ ಬೈಯುತ್ತಿದ್ದಳು.

"ನೋಡು, ಆ ಹಲ್ಲಿ ಮುಂಡೇದು ಬಿಸಿಲಿಗೆ ಹಾಕಿದ ಹಾಸಿಗೇನೂ ಬಿಡ್ಲಿಲ್ಲ. ಯಾರ ಮನೆ ಮಗನೋ, ಹೆತ್ತೋರು ಬುದ್ಧಿ ಕಲಿಸ್ಲಿಲ್ಲ."

"ಅಮ್ಮ, ಒಳಗಿರೋನು ನಮ್ಮ ಹಾನೆಮುರಾ. ಒಳ್ಳೆ ಹುಡುಗ."

"ಒಳ್ಳೆ ಹುಡುಗ ಆಗಿದ್ರೆ ಬಳಸ್ಕೊಂಡು ಹೋಗ್ಲಿ."

ಒಂದು ಕಾಲದಲ್ಲಿ ಶಿಗೆಯೂ ಅವಳ ಗಂಡನೂ ನದಿಯಾಚೆ ಫುಕಾಗಾವಾದಲ್ಲಿ ಸೋಯಾ ಹಾಲಿನ ತೋಫು ಮಾಡಿ ಮಾರುವ ಅಂಗಡಿ ಇಟ್ಟಿದ್ದರು. ಯುದ್ಧದ ಕೊನೆಯ ವರ್ಷ, ಮಾರ್ಚ್ ತಿಂಗಳಲ್ಲಿ ವಿಮಾನಗಳು ಬಂದು ಬೆಂಕಿ ಸುರಿದವು. ಅಂಗಡಿ, ಬೀದಿ, ಗಂಡ ಎಲ್ಲ ಒಟ್ಟಿಗೇ ಹೋದವು. ತೊಕುಜೊ ಸೈನ್ಯದಿಂದ ಮರಳಿದಾಗ ಉಳಿದದ್ದು ತಾಯಿಯೊಬ್ಬಳೇ. ಅಂಗಡಿಯ ಒಂದು ಫೋಟೋ ಕೂಡ ಉಳಿದಿರಲಿಲ್ಲ. ಅದರ ಮುಖಚಹರೆ ತಾಯಿ ಮಗನ ನೆನಪಿನಲ್ಲಷ್ಟೇ ಇತ್ತು.

ಆ ಚಳಿಗಾಲ ಒಂದು ದಿನ ಊಟದ ನಡುವೆ ಶಿಗೆ ಕೇಳಿದಳು. "ತೊಕು, ನಮ್ಮ ಅಂಗಡಿ ಬಾಗಿಲು ಎಡಕ್ಕಿತ್ತಾ, ಬಲಕ್ಕಿತ್ತಾ?"

"ಎಡಕ್ಕೆ ಅಮ್ಮ."

"ಹೌದಾ? ನಂಗೆ ಮರ್ತೇ ಹೋಯ್ತು ನೋಡು." ಹಾಗೆಂದು ನಕ್ಕು ಅವಳು ಉಪ್ಪಿನಕಾಯಿಗೆ ಊಟದ ಕಡ್ಡಿ ಚಾಚಿದಳು. ತೊಕುಜೊ ಅನ್ನದ ಬಟ್ಟಲು ಕೆಳಗಿಟ್ಟ.

"ಒಂದು ಪುಟ್ಟ ಅಂಗಡಿ ಮಾಡ್ಕೊಂಡು ಬರ್ಲಾ? ಕಪಾಟಿನ ಮೇಲೆ ಇಡೋಣ," ಎಂದ.

"ಬೇಡಪ್ಪ. ಅಲ್ಲಿ ನಿಮ್ಮಪ್ಪ ಆಗ್ಲೇ ಫೋಟೋ ಇಲ್ದೆ ಪೂಜೆ ಹಲಗೆ ಮೇಲೆ ಬರೀ ಹೆಸರಾಗಿ ಕೂತಿದಾನೆ. ಬೀದಿ ಇಲ್ದೆ ಅಂಗಡಿ ಒಂದನ್ನೇ ಇಟ್ಕೊಂಡು ಏನ್ಮಾಡ್ಲಿ, ಗಿರಾಕಿಗಳು ಎಲ್ಲಿಂದ ಬರ್ತಾರೆ?"

ಹಾಗಾದರೆ ಬೀದಿಯನ್ನೇ ಕಟ್ಟಬೇಕು. ಜೌಗು ನೆಲದಿಂದ ಎದ್ದುಬರುವ ನುಮಾಗೋನ್ ಎಂಬ ಮೃಗ ಹಳೆಯ ಪೇಟೆಯೊಂದಕ್ಕೆ ನುಗ್ಗುವ ಕಂತು ಅದೇ ತಿಂಗಳು ಬಂತು. ತೊಕುಜೊ ಯಾರನ್ನೂ ಕೇಳದೆ ಫುಕಾಗಾವಾದ ತಮ್ಮ ಬೀದಿಯನ್ನೇ ಎಬ್ಬಿಸಿ ನಿಲ್ಲಿಸಿದ. ಸಾರ್ವಜನಿಕ ಸ್ನಾನದ ಮನೆಯ ಎತ್ತರದ ಚಿಮಣಿ, ಮರದ ಚಪ್ಪಲಿಯ ಅಂಗಡಿ, ಅಕ್ಕಿ ವ್ಯಾಪಾರಿಯ ಮನೆ, ನಡುವೆ ಎಡಕ್ಕೆ ಬಾಗಿಲಿರುವ ತೋಫು ಅಂಗಡಿ. ಬಾಗಿಲಿಗೆ ತಾನೇ ನೀಲಿ ಬಣ್ಣ ಹಾಕಿದ ಪರದೆ, ಒಳಗೆ ಸೋಯಾ ಅರೆಯುವ ಕಲ್ಲು, ತೋಫು ಮುಳುಗಿಸಿಡುವ ಮರದ ತೊಟ್ಟಿ.

"ತೊಟ್ಟಿಗೆ ನೀರೂ ತುಂಬಿಸ್ತೀಯೇನಯ್ಯ?" ಎಂದು ನಾವೆಲ್ಲ ಗೇಲಿ ಮಾಡಿದೆವು. ಅವನು ತುಂಬಿಸಿಯೇಬಿಟ್ಟ.

ಆದರೆ ಕಟ್ಟಿದರೆ ಸಾಲದು, ಅದು ಅಮ್ಮನ ಕಣ್ಣಿಗೆ ಬೀಳಬೇಕು. ನಮ್ಮಲ್ಲಿ ಮನೆಯೊಂದು ಹತ್ತಿರದಿಂದ ಟಿವಿಯಲ್ಲಿ ಕಾಣಬೇಕಾದರೆ ಇದ್ದದ್ದು ಒಂದೇ ದಾರಿ, ಅದು ಒಡೆಯಬೇಕು. ಸುಮ್ಮನೆ ನಿಂತ ಮನೆಯ ಮೇಲೆ ಫಿಲ್ಮ್ ಸುರಿಯುವಷ್ಟು ಧಾರಾಳ ನಮ್ಮ ನಿರ್ದೇಶಕರಿಗಿರಲಿಲ್ಲ. ಹಾಗಾಗಿ ತೊಕುಜೊ ಹೆತ್ತವರ ಅಂಗಡಿಯ ಗೋಡೆಗಳಿಗೆ ಹಿಂದಿನಿಂದ ಗರಗಸದಲ್ಲಿ ಗೀರು ಹಾಕಿದ, ಚೆನ್ನಾಗಿ ಒಡೆಯಲೆಂದು. ಆ ಕೆಲಸ ಮಾಡುವಾಗ ಅವನು ಬೇರೆಯವರನ್ನು ಹತ್ತಿರ ಬಿಡಲಿಲ್ಲ. ಆಮೇಲೆ ನಿರ್ದೇಶಕರ ಹಿಂದೆ ಬಿದ್ದು, ಒಂದು ಕ್ಯಾಮರಾವನ್ನು ಅಂಗಡಿಯ ಎದುರಿಗೇ ಇಡಿಸಿದ.

ಕೊನೆಗೆ ಹಾನೆಮುರಾನನ್ನು ಚಹಾಕ್ಕೆ ಕೂರಿಸಿಕೊಂಡು ಎಲ್ಲ ಹೇಳಿದ. ಹಾನೆಮುರಾ ಹಿಂದೆ ಈಜುಗಾರನಾಗಿದ್ದವನು. ಉಸಿರುಗಟ್ಟಿಸುವ ಆ ರಬ್ಬರಿನೊಳಗೆ ಅವನಷ್ಟು ಹೊತ್ತು ನಿಲ್ಲುವವರು ಇರಲಿಲ್ಲ. ಮೃಗದ ಕುತ್ತಿಗೆಯಲ್ಲಿದ್ದ ಸಣ್ಣ ತೂತುಗಳೇ ಅವನ ಕಣ್ಣು. ಒಂದು ಶಾಟ್ ಮುಗಿದರೆ ಬೂಟು ಬಗ್ಗಿಸಿ ಬೆವರು ಚೆಲ್ಲುತ್ತಿದ್ದ.

"ಸರಿಯಾಗಿ ಚಾವಣಿ ಮಧ್ಯಕ್ಕೆ ಕಾಲಿಡು," ಎಂದ ತೊಕುಜೊ. "ಅಮ್ಮ ನೋಡ್ತಿರ್ತಾಳೆ."

"ಅಜ್ಜಿ ಅಂಗಡೀನ ನಾನು ತುಳೀಬೇಕಾ, ತೊಕು-ಸಾನ್?"

"ತುಳಿದ್ರೇನೇ ಅವಳಿಗೆ ಕಾಣೋದು ಕಣಯ್ಯಾ."

ಹಾನೆಮುರಾ ಚಹಾದ ಬಟ್ಟಲು ನೋಡುತ್ತ ಹೂಂ ಅಂದ.

ಶನಿವಾರ ದೀಪಗಳು ಹತ್ತಿದವು, ಕ್ಯಾಮರಾಗಳು ಓಡಿದವು. ನುಮಾಗೋನ್ ಬಂತು. ಬಾಲದ ಒಂದೇ ಏಟಿಗೆ ಚಿಮಣಿ ಉರುಳಿತು, ಚಪ್ಪಲಿ ಅಂಗಡಿ ಪುಡಿಯಾಯಿತು. ತೋಫು ಅಂಗಡಿಯ ಮುಂದೆ ಮೃಗ ಕಾಲೆತ್ತಿತು. ಎತ್ತಿದ ಕಾಲು ಕೆಳಗಿಳಿಯಲಿಲ್ಲ. ಗಾಳಿಯಲ್ಲೇ ತಡೆದು, ಹಿಂದಕ್ಕೆ ಸರಿದು, ಅಂಗಡಿಯನ್ನು ಬಳಸಿಕೊಂಡು ಹೋಗಿ ಅಕ್ಕಿ ವ್ಯಾಪಾರಿಯ ಮನೆಗೆ ನುಗ್ಗಿತು. ಅಷ್ಟರಲ್ಲಿ ಶಾಟಿಗೆಂದು ಹುಗಿದಿಟ್ಟ ಸಿಡಿಮದ್ದುಗಳು ಸಿಡಿದು ಇಡೀ ಬೀದಿಗೆ ಬೆಂಕಿ ಹತ್ತಿತು. ಇನ್ನೊಮ್ಮೆ ತೆಗೆಯೋಣವೆಂದರೆ ಬೀದಿಯೇ ಇರಲಿಲ್ಲ.

ಬೆನ್ನಿನ ಜಿಪ್ ಬಿಚ್ಚಿ ಹೊರಬಂದ ಹಾನೆಮುರಾನ ಮುಂದೆ ತೊಕುಜೊ ನಿಂತ. ಅವನು ಅಷ್ಟು ಸಿಟ್ಟಾದದ್ದನ್ನು ನಾವು ಅದಕ್ಕೂ ಮೊದಲು ನೋಡಿರಲಿಲ್ಲ.

"ಮಾತು ಕೊಟ್ಟಿದ್ದೆ ನೀನು."

"ಕಾಲೇನೋ ಎತ್ತಿದೆ ತೊಕು-ಸಾನ್. ಆ ತೂತಲ್ಲಿ ನೀಲಿ ಪರದೆ ಕಾಣಿಸ್ತು. ಆಗ್ಲಿಲ್ಲ."

"ನಿನ್ನ ಕರುಣೆ ಯಾರಿಗೆ ಬೇಕಿತ್ತು? ಒಡೆಯದ ಮನೇನ ಇವರು ಇಟ್ಕೋತಾರಾ? ಕತ್ತರಿಸಿ ಬಿಸಾಕ್ತಾರೆ. ಅಮ್ಮನಿಗೆ ಈಗ ಏನು ತೋರಿಸ್ಲಿ?"

ಹಾನೆಮುರಾ ತಲೆ ಬಗ್ಗಿಸಿದ. ಆಮೇಲೆ ತೊಕುಜೊ ಅವನ ಮುಖ ನೋಡುವುದನ್ನೇ ಬಿಟ್ಟ. ಎದುರು ಸಿಕ್ಕರೆ ಪಕ್ಕದ ಬಾಗಿಲಿಂದ ಹೊರಗೆ ಹೋಗುತ್ತಿದ್ದ.

ಆ ಕಂತು ಬಂದ ಭಾನುವಾರ ಸಿಗರೇಟಿನ ನೆಪ ಹೇಳಿ ತೊಕುಜೊ ಎದ್ದ. "ಕೂತ್ಕೋ, ಶುರು ಆಗುತ್ತೆ," ಎಂದು ಶಿಗೆ ಗದರಿದಳು. ಕೂತ.

ಆ ವಾರ ಕಂತಿನ ಉದ್ದ ಕಡಿಮೆ ಬಿದ್ದಿತ್ತಂತೆ. ಬಿಸಾಕಬೇಕಾದ ತುಂಡನ್ನೂ ಅಂಟಿಸಿ ಸರಿದೂಗಿಸಿದ್ದರು. ಅದು ನಮಗ್ಯಾರಿಗೂ ಗೊತ್ತಿರಲಿಲ್ಲ. ಚಪ್ಪಲಿ ಅಂಗಡಿ ಪುಡಿಯಾದ ಮೇಲೆ ಟಿವಿಯ ತುಂಬ ತೋಫು ಅಂಗಡಿ ಬಂತು. ಎಡಕ್ಕೆ ಬಾಗಿಲು, ಗಾಳಿಗೆ ಅಲ್ಲಾಡುವ ಪರದೆ, ಒಳಗೆ ಮಿನುಗುವ ತೊಟ್ಟಿ ನೀರು. ಮೇಲೆ ಆ ದೊಡ್ಡ ಪಾದ. ಮೃಗಗಳಿಗೆ ಗಾತ್ರ ಬರಲೆಂದು ನಮ್ಮ ಕ್ಯಾಮರಾಗಳಲ್ಲಿ ಫಿಲ್ಮನ್ನು ಜೋರಾಗಿ ಓಡಿಸುತ್ತಿದ್ದರು, ಮಾಮೂಲಿ ವೇಗದಲ್ಲಿ ತೋರಿಸಿದಾಗ ಟಿವಿಯಲ್ಲಿ ಎಲ್ಲವೂ ನಿಧಾನ. ಹಾನೆಮುರಾನ ಕಣ್ಣುಮಿಟುಕಿನಷ್ಟರ ಅಳುಕು ಅಲ್ಲಿ ಎಷ್ಟೋ ಹೊತ್ತು ನಡೆಯಿತು. ಒಡೆದಿದ್ದರೆ ಅಂಗಡಿ ಅದರ ಅರ್ಧದಷ್ಟು ಹೊತ್ತೂ ಕಾಣುತ್ತಿರಲಿಲ್ಲ. ಪಾದ ಯೋಚಿಸುವಂತೆ ನಿಂತಿತು, ಹಿಂದೆ ಸರಿಯಿತು, ಬಳಸಿಕೊಂಡು ಹೋಯಿತು. ಆಮೇಲಿನ ಬೆಂಕಿಯಲ್ಲಿ ಹೊಗೆಯಷ್ಟೇ ಕಂಡಿತು, ಅಂಗಡಿ ಕಾಣಲಿಲ್ಲ.

ವೀರ ಬಂದು ಮೃಗವನ್ನು ಕೆಡವಿದ್ದನ್ನೂ ಶಿಗೆ ನೋಡಲಿಲ್ಲ, ಕಣ್ಣು ಒರೆಸಿಕೊಳ್ಳುತ್ತಿದ್ದಳು.

"ಎಡಕ್ಕೇ ಇತ್ತು," ಎಂದಳು ಕೊನೆಗೆ. "ಈ ಸಲ ನಮ್ಮ ಮನೆ ಉಳೀತು ತೊಕು. ನಾಳೆ ಆ ಹುಡುಗನ್ನ ಊಟಕ್ಕೆ ಕರಿ."

ಮಾರನೆಯ ದಿನ ತೊಕುಜೊ ಹಾನೆಮುರಾನ ಎದುರು ನಿಂತು, ನೆಲ ನೋಡುತ್ತ, "ಅಮ್ಮ ಕರೀತಿದಾಳೆ," ಎಂದ. ಅವನಿಗೆ ಕ್ಷಮೆ ಕೇಳಲು ಬಂದದ್ದು ಅಷ್ಟೇ. ಹಾನೆಮುರಾ ಒಗೆದ ಅಂಗಿ ತೊಟ್ಟು ಬಂದ, ಬಾಗಿಲಿಗೆ ತಲೆ ತಾಗದಂತೆ ಬಗ್ಗಿ ಒಳಗೆ ಕಾಲಿಟ್ಟ. ಶಿಗೆ ಕೂತಲ್ಲಿಂದಲೇ ಎರಡೂ ಕೈ ಚಾಪೆಗೂರಿ ಅವನಿಗೆ ತಲೆಬಾಗಿದಳು. ನಡುವೆ ಬಿಸಿನೀರಿನ ಪಾತ್ರೆಯಲ್ಲಿ ತೋಫು ಕುದಿಯುತ್ತಿತ್ತು. ಬೀದಿ ಕೊನೆಯ ಅಂಗಡಿಯದ್ದು, ಶಿಗೆಯ ಲೆಕ್ಕದಲ್ಲಿ ತೋಫು ಅನ್ನಿಸಿಕೊಳ್ಳಲು ಯೋಗ್ಯತೆ ಇಲ್ಲದ್ದು.

"ತಿನ್ನಪ್ಪ," ಎಂದಳು. ಆಮೇಲೆ ಅವನ ಮೊಣಕಾಲು ಮುಟ್ಟಿ ಕೇಳಿದಳು, "ಕಾಲು ನೋಯ್ಲಿಲ್ವೇನೋ, ಅಷ್ಟು ಹೊತ್ತು ಎತ್ತಿ ಹಿಡ್ಕೊಂಡಿದ್ದೆಯಲ್ಲ?"

ಕಾಲೆತ್ತಿದ್ದು ಕಣ್ಣುಮಿಟುಕಿನಷ್ಟೇ ಹೊತ್ತೆಂದು ಹಾನೆಮುರಾನಿಗೂ ಗೊತ್ತಿತ್ತು, ತೊಕುಜೊಗೂ ಗೊತ್ತಿತ್ತು.

"ನೋಯ್ತು ಅಜ್ಜಿ," ಎಂದ ಹಾನೆಮುರಾ. "ತುಂಬ ನೋಯ್ತು." ಅವನ ಕಣ್ಣೀರು ಬಟ್ಟಲಿಗೆ ಬೀಳುತ್ತಿತ್ತು. ತೊಕುಜೊ ಆ ಬಟ್ಟಲಿಗೆ ಇನ್ನೊಂದು ತುಂಡು ತೋಫು ಹಾಕಿದ.